ಎಫ್7 ಮೇಲೆ ಕಣ್ಣು, ಎಫ್2ರಲ್ಲಿ ಮೇಟ್

ಅಕ್ಕನ ಮಗ ಜಿಲ್ಲಾ ಮಟ್ಟದ ಅಂಡರ್-11 ಚೆಸ್ ಚಾಂಪಿಯನ್‌ಶಿಪ್‌ನಲ್ಲಿ ಆಡಿದ ಒಂದು ಆಟದ ಸ್ಕೋರ್‌ಶೀಟ್, ಅಂದರೆ ನಡೆಗಳನ್ನು ಬರೆದಿಟ್ಟ ಹಾಳೆ, ಕೈಯಲ್ಲಿದೆ. ಹಾಲ್ ಒಳಗೆ ನಮ್ಮನ್ನು ಬಿಡುವುದಿಲ್ಲ, ಹಾಗಾಗಿ ಈ ಹಾಳೆಯೇ ಗತಿ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಆಟ ಮಾತ್ರ ಸಖತ್ತಾಗಿದೆ. ಬರೀ 13 ನಡೆ!

ಇವನದು ಕಪ್ಪು. ಓಪನಿಂಗ್, ಅಂದರೆ ಆಟ ಶುರುವಾದ ಬಗೆ, ಟೂ ನೈಟ್ಸ್ ಡಿಫೆನ್ಸ್: ಕಪ್ಪು ಎರಡೂ ಕುದುರೆಗಳನ್ನು ಬೇಗ ಹೊರಗೆ ತರುತ್ತದೆ. ನಾಲ್ಕನೇ ನಡೆಗೇ ಎದುರಿನ ಹುಡುಗ ಕುದುರೆಯನ್ನು ಜಿ5ಗೆ ಹಾರಿಸಿದ. ಈ ವಯಸ್ಸಿನ ಮಕ್ಕಳಿಗೆ ಇದೆಂದರೆ ಪ್ರಾಣ. ಒಂಟೆಯೂ ಕುದುರೆಯೂ ಸೇರಿ ಕಪ್ಪು ರಾಜನ ಪಕ್ಕದ ಎಫ್7 ಮನೆಯ ಮೇಲೆ ಗುರಿ ಇಡುತ್ತವೆ. ಕಪ್ಪು ಕಾಲಾಳನ್ನು ಡಿ5ಗೆ ಆಡಿ, ಬಿಳಿ ಅದನ್ನು ಹೊಡೆದ ಮೇಲೆ ಕುದುರೆಯಿಂದ ವಾಪಸ್ ಹೊಡೆದರೆ ಫ್ರೈಡ್ ಲಿವರ್ ಎಂಬ ದಾಳಿ ಶುರು. ಬಿಳಿ ಕುದುರೆ ಎಫ್7ಗೆ ನುಗ್ಗಿ ಪ್ರಾಣ ಕೊಡುತ್ತದೆ, ಕಪ್ಪು ರಾಜ ಬೋರ್ಡಿನ ನಡುವೆ ಬಂದು ಒದ್ದಾಡುತ್ತಾನೆ.

ಇವನೂ ಡಿ5 ಆಡಿದ, ಬಿಳಿ ಹೊಡೆಯಿತು, ಆದರೆ ಇವನು ವಾಪಸ್ ಹೊಡೆಯಲಿಲ್ಲ. ಇನ್ನೊಂದು ಕುದುರೆಯನ್ನು ಎ5ಗೆ ತಂದು ಒಂಟೆಯನ್ನು ಕೆಣಕಿದ. ಒಂದು ಕಾಲಾಳು ಹೋಯಿತು, ನಿಜ. ಆದರೆ ಬಿಳಿ ಒಂಟೆ ಬಿ5ಗೆ ಹೋಗಿ ಚೆಕ್ ಕೊಟ್ಟು, ಸಿ6ರಲ್ಲಿ ಕಾಲಾಳುಗಳ ಹೊಡೆದಾಟ ಮುಗಿದ ಮೇಲೆ ಇ2ಗೆ ಓಡಬೇಕಾಯಿತು. ಇವನು ಕಾಲಾಳನ್ನು ತಳ್ಳಿ ಎಚ್6 ಅಂದ, ಬಿಳಿ ಕುದುರೆ ಎಫ್3ಗೆ. ಇ4 ಅಂದ, ಕುದುರೆ ಜಿ1ಗೆ. ಹತ್ತು ನಡೆ ಆಡಿ ಹೊರಟ ಮನೆಗೇ ವಾಪಸ್, ಅಲ್ವಾ!

ಕುದುರೆಯ ಆ ಜಿ5 ನಡೆಯನ್ನು ಹಳೆಯ ಕಾಲದ ಜರ್ಮನ್ ಚೆಸ್ ದಿಗ್ಗಜ ಟರಾಶ್ ಅಂಥವರು ಆಟ ಬಾರದವರ ನಡೆ ಎಂದು ಬೈದಿದ್ದರು. ನನಗೇನೋ ಅದು ಅತಿ ಅನಿಸುತ್ತದೆ. ಇದೇ ಸಾಲಿನಲ್ಲಿ ಎಫ್3 ಬಿಟ್ಟು ಕುದುರೆಯನ್ನು ಬೋರ್ಡಿನ ಅಂಚಿನ ಎಚ್3ಗೆ ಇಡುವ ವಿಚಿತ್ರ ನಡೆಯನ್ನು ವಿಶ್ವ ಚಾಂಪಿಯನ್ ಸ್ಟೈನಿಟ್ಜ್ 1890-91ರಲ್ಲಿ ರಷ್ಯಾದ ಚಿಗೋರಿನ್ ಜೊತೆ ಟೆಲಿಗ್ರಾಫ್‌ನಲ್ಲಿ ಆಡುತ್ತಾ ಪ್ರಯತ್ನಿಸಿ ಸೋತಿದ್ದರು. 1963ರಲ್ಲಿ ಅಮೆರಿಕದ ಬಾಬಿ ಫಿಷರ್ ಅದನ್ನೇ ಎತ್ತಿಕೊಂಡು ತಮ್ಮದೇ ದೇಶದ ಬಿಸ್ಗಯರ್ ಅವರನ್ನು ಸೋಲಿಸಿದರು.

ಇಲ್ಲಿ ಬಿಳಿ ಹುಡುಗನಿಗೆ ಫ್ರೈಡ್ ಲಿವರ್ ಆಚೆ ಏನೂ ಹೇಳಿಕೊಟ್ಟಿಲ್ಲ ಅನಿಸುತ್ತದೆ, ಪಾಪ. ಕಪ್ಪು ಒಂಟೆ ಸಿ5ಗೆ ಬಂತು, ಅವನು ಸುಮ್ನೆ ಕುದುರೆಯನ್ನು ಸಿ3ಗೆ ಇಟ್ಟ. ಇವನ ಕ್ವೀನ್ ಡಿ4ಗೆ. ಬಿಳಿ ರಾಜನ ಪಕ್ಕದ ಎಫ್2ರಲ್ಲಿ ಮೇಟ್, ಅಂದರೆ ಆಟವೇ ಮುಗಿಸುವ ಬೆದರಿಕೆ! ಅವನು ಗಾಬರಿಯಿಂದ ಇನ್ನೊಂದು ಕುದುರೆಯನ್ನು ಎಚ್3ಗೆ ತಂದ, ಇವನು ಒಂಟೆಯಿಂದ ಅದನ್ನೂ ತಿಂದ. ಆಗ ಕ್ಯಾಸಲ್ ಮಾಡಿ, ಅಂದರೆ ರಾಜನನ್ನು ಆನೆಯ ಕಡೆಗೆ ಸರಿಸಿ ಆನೆಯನ್ನು ಅವನ ಈಚೆ ತಂದಿದ್ದರೆ, ಕುದುರೆ ಹೋದರೂ ಆಟ ಉಳಿಯುತ್ತಿತ್ತು. ಅವನು ಕಾಲಾಳಿನಿಂದ ಒಂಟೆಯನ್ನು ಹೊಡೆದ. ಕ್ವೀನ್ ಎಫ್2, ಮೇಟ್.

ಮುಂದಿನ ಸುತ್ತಿನಲ್ಲಿ ಇವನಿಗೆ ಬಿಳಿ ಸಿಕ್ಕಿತು. ಹಾಳೆ ನೋಡಿದರೆ, ನಾಲ್ಕನೇ ನಡೆ, ಇವನೂ ಕುದುರೆಯನ್ನು ಜಿ5ಗೇ ಹಾರಿಸಿದ್ದಾನೆ!