ಎರಡು ದಿನದ ಮೈಸೂರು: ಕೈಯಲ್ಲಿ ಬರೆದ ನಕ್ಷೆಗೆ ಮೊದಲ ಪರೀಕ್ಷೆ

ನಕ್ಷೆಯ ಪೆನ್ಸಿಲ್ ಪ್ರತಿ ಈಗ ಬೇರೆಯವರ ಕೈಗೆ ಕೊಡುವಷ್ಟು ಆಗಿದೆ. ಎ3 ಹಾಳೆ, ಮಡಚಿದರೆ ಅಂಗಿ ಜೇಬಿಗೆ ಹೋಗಬೇಕು ಅನ್ನುವುದು ಮೊದಲಿನಿಂದಲೂ ಇಟ್ಟುಕೊಂಡ ಷರತ್ತು. ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಹೊರಡುವವರಿಗೆ ಹಳೇ ಮೈಸೂರನ್ನು ನಡೆದು ನೋಡಲು, ನಡುವೆ ಎಲ್ಲಿ ಏನು ತಿನ್ನಬೇಕು ಅಂತ ತಿಳಿಯಲು ಇದು. ಮೊಬೈಲಿನಲ್ಲಿ ಮ್ಯಾಪ್ ಇರುವಾಗ ಈ ಕೆಲಸ ಯಾಕೆ ಅಂತ ಮನೆಯಲ್ಲೇ ಕೇಳುತ್ತಾರೆ. ಮೊಬೈಲ್ ದಾರಿ ಹೇಳುತ್ತದೆ, ಯಾವ ಹೊತ್ತಿಗೆ ಎಲ್ಲಿರಬೇಕು ಅಂತ ಹೇಳುವುದಿಲ್ಲ. ಮೈಸೂರಿನಲ್ಲಿ ಹೊತ್ತೇ ಮುಖ್ಯ. ಬಿಸಿಲು, ಹಸಿವು, ಭಾನುವಾರ ಸಂಜೆ ಏಳಕ್ಕೆ ಹತ್ತುವ ಅರಮನೆಯ ದೀಪ, ಈ ಮೂರನ್ನು ಹೊಂದಿಸಿಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ಈ ಸಲ ಪರೀಕ್ಷೆಗೆ ಸಿಕ್ಕಿದವನು ಧಾರವಾಡದ ಗೆಳೆಯ. ಶಾಲೆಯಲ್ಲಿದ್ದಾಗ ಟ್ರಿಪ್ ಬಂದಿದ್ದನಂತೆ, ಬಸ್ಸಿನ ಕಿಟಕಿ ಬಿಟ್ಟರೆ ಬೇರೇನೂ ನೆನಪಿಲ್ಲ. ನಿಧಾನ ನಡೆಯುತ್ತಾನೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ. ಸಿಹಿಯ ವಿಷಯದಲ್ಲಿ ಯಾರ ಮಾತನ್ನೂ ಒಪ್ಪುವುದಿಲ್ಲ. ಇದಕ್ಕಿಂತ ಒಳ್ಳೆ ಪರೀಕ್ಷಕ ಎಲ್ಲಿ ಸಿಗಬೇಕು? ನಕ್ಷೆ ಅವನ ಕೈಯಲ್ಲಿ, ನಾನು ಸುಮ್ನೆ ಹಿಂದೆ ನಡೆಯುವುದು ಅಂತ ಮಾತಾಗಿತ್ತು.

ಮೊದಲು ಅರಮನೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವಾಗಲೇ ಅಲ್ಲಿರಬೇಕು ಅನ್ನುವುದಕ್ಕೆ ನಕ್ಷೆಯಲ್ಲಿ ಒಂದು ಜೊತೆ ಚಪ್ಪಲಿ ಬರೆದಿದ್ದೇನೆ. ಚಪ್ಪಲಿ ಬಿಟ್ಟು ಹೋಗಬೇಕಲ್ಲ, ಹೊತ್ತೇರಿದರೆ ಕಲ್ಲು ಕಾಯುತ್ತದೆ. ಅವನಿಗೆ ಆ ಗುರುತು ಕೂಡಲೇ ಹೊಳೆಯಿತು. ಒಳಗೆ ಅವನು ಜಾಸ್ತಿ ಹೊತ್ತು ನಿಂತದ್ದು ಕಲ್ಯಾಣ ಮಂಟಪದಲ್ಲಿ. ಮೇಲೆ ನವಿಲಿನ ಚಿತ್ರದ ಬಣ್ಣದ ಗಾಜು, ಸುತ್ತ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲೇ ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈ ಅರಮನೆ 1912ರಲ್ಲಿ ಮುಗಿಯಿತು. ಇಷ್ಟು ಹೇಳಿದ ಮೇಲೆ ಗೆಳೆಯ ಒಂದು ಕಂಬಕ್ಕೆ ಹತ್ತಿರ ಹೋಗಿ ನೋಡಿ, "ಬೆಂಕಿಗೆ ಹೆದರಿ ಕಟ್ಟಿದ ಮನಿ ನೋಡಲೇ ಇದು" ಅಂದ. ಆ ಮಾತನ್ನು ನಕ್ಷೆಯ ಅಂಚಿನಲ್ಲಿ ಹಾಗೇ ಬರೆದುಕೊಂಡಿದ್ದೇನೆ. ಅಳಿಸುವುದಿಲ್ಲ.

ಅಲ್ಲಿಂದ ಹೊರಗೆ ಬಂದರೆ ದೊಡ್ಡ ಗಡಿಯಾರ. ನನ್ನ ಮಟ್ಟಿಗೆ ಈ ನಕ್ಷೆಯ ಅಸಲಿ ಕಷ್ಟ ಇಲ್ಲಿಂದ ಶುರುವಾಗುತ್ತದೆ. ರಸ್ತೆಗಳನ್ನು ಹೇಗೋ ಬರೆಯಬಹುದು, ಕಟ್ಟಡಗಳ ಎತ್ತರ ಹೇಗೆ ತೋರಿಸುವುದು? ಸಾಮಾನ್ಯವಾಗಿ ಪ್ರವಾಸಿ ನಕ್ಷೆಗಳಲ್ಲಿ ಅರಮನೆ ಅರ್ಧ ಹಾಳೆ ತುಂಬಿರುತ್ತದೆ, ಉಳಿದ ಕಟ್ಟಡಗಳೆಲ್ಲ ಬೆಂಕಿಪೆಟ್ಟಿಗೆಗಳು. ನಾನು 25 ಅಡಿಗೆ ಒಂದು ಸೆಂಟಿಮೀಟರ್ ಅಂತ ಲೆಕ್ಕ ಇಟ್ಟುಕೊಂಡೆ. ದೊಡ್ಡ ಗಡಿಯಾರ 75 ಅಡಿ, ಅಂದರೆ ಮೂರು ಸೆಂಟಿಮೀಟರ್. ಅರಮನೆಯ ನಡುವಿನ ಗೋಪುರ 145 ಅಡಿ, ಆರಕ್ಕೆ ಸ್ವಲ್ಪ ಕಡಿಮೆ. ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು 175 ಅಡಿ, ಏಳು ಸೆಂಟಿಮೀಟರ್. ಹೀಗೆ ಬರೆದ ಮೇಲೆ ಅರಮನೆಗಿಂತ ಚರ್ಚು ಎತ್ತರ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಊರಿನಲ್ಲೇ ಹುಟ್ಟಿ ಬೆಳೆದವರೂ ಇದನ್ನು ನಂಬುವುದಿಲ್ಲ, ಕೇಳಿ ನೋಡಿ.

ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡು 25 ವರ್ಷ ತುಂಬಿದ ನೆನಪಿಗೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ ಗಡಿಯಾರ ಇದು. ಮುಖದ ಮೇಲೆ ಕನ್ನಡ ಅಂಕಿಗಳಿವೆ. ಮೂರು ಸೆಂಟಿಮೀಟರ್ ಗೋಪುರದಲ್ಲಿ ಅವನ್ನು ಬರೆಯಲು ಯಾವ ಪೆನ್ನಿಗೂ ಆಗುವುದಿಲ್ಲ. ಹಾಗಾಗಿ ಹಾಳೆಯ ಮೇಲಿನ ಬಲ ಮೂಲೆಯಲ್ಲಿ ಮುಖವನ್ನಷ್ಟೇ ದೊಡ್ಡದಾಗಿ ಬರೆದು ೧ರಿಂದ ೧೨ರವರೆಗೆ ತುಂಬಿದ್ದೇನೆ. ದಿಕ್ಕು ತೋರಿಸುವ ಬಾಣವೂ ಅದರಲ್ಲೇ ಇದೆ. ೧೨ ಇರುವ ಕಡೆ ಉತ್ತರ. ಗೆಳೆಯ ಇದನ್ನು ನಾನು ಹೇಳದೆಯೇ ಕಂಡುಹಿಡಿದ. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಖುಷಿ ಅದು.

ಮಧ್ಯಾಹ್ನ ಗಾಂಧಿ ಚೌಕದ ಬಳಿ ಬಾಳೆ ಎಲೆಯ ಆಂಧ್ರ ಊಟ. ಅಲ್ಲಿಯವರೆಗೆ ಮೈಸೂರಿನ ಸಾಂಬಾರಿನಲ್ಲಿ ಖಾರ ಎಲ್ಲೈತಿ ಅಂತ ಹುಡುಕುತ್ತಿದ್ದವನು ಪಪ್ಪು, ಪುಡಿ, ತುಪ್ಪ ಬಿದ್ದ ಮೇಲೆ ಮಾತು ನಿಲ್ಲಿಸಿದ.

ದೇವರಾಜ ಮಾರುಕಟ್ಟೆಗೆ ನಕ್ಷೆಯಲ್ಲಿ ಒಂದು ಗಂಟೆ ಕೊಟ್ಟಿದ್ದೆ. ಅವನೊಂದಿಗೆ ಸಂಜೆಯೇ ಆಯಿತು. ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಮಾರು ಹಾಕುವ ಕೈಯನ್ನೇ ನೋಡುತ್ತ ನಿಂತ. ವೀಳ್ಯದೆಲೆ ಮಾರುವ ಅಜ್ಜಿಯೊಬ್ಬರು ಎಲೆಯ ತೊಟ್ಟು ಮುರಿದು ಮೂಸಿ ನೋಡಪ್ಪ ಅಂದರು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೂರಕ್ಕೂ ಈ ಸೀಮೆಯದೇ ಬೆಳೆ ಅಂತ ಹೇಳುವ ಜಿಐ ಗುರುತು ಸಿಕ್ಕಿದೆ. ಆದರೆ ರಸಬಾಳೆ ಕೇಳಿದರೆ ವ್ಯಾಪಾರಿಗಳು ನಗುತ್ತಾರೆ. ಪನಾಮ ಸೊರಗು ರೋಗ ಬಿದ್ದ ಮೇಲೆ ಬೆಳೆಯುವವರೇ ಕಡಿಮೆಯಾದರು. ನಾವು ಹೋದ ದಿನವೂ ಸಿಗಲಿಲ್ಲ, ಏಲಕ್ಕಿ ಬಾಳೆ ತಿಂದೆವು. ನಕ್ಷೆಯಲ್ಲಿ ರಸಬಾಳೆಯ ಚಿತ್ರವನ್ನು ಚುಕ್ಕಿ ಗೆರೆಯಲ್ಲಿ ಬಿಟ್ಟಿದ್ದೇನೆ. ಸಿಕ್ಕಿದವರು ತುಂಬಿಕೊಳ್ಳಲಿ.

ಮಾರುಕಟ್ಟೆಯ ಒಳಗಿನ ಓಣಿಗಳನ್ನು ಗೆರೆಯಲ್ಲಿ ಬರೆದರೆ ಯಾರಿಗೂ ತಿಳಿಯುವುದಿಲ್ಲ, ಎಲ್ಲ ಒಂದೇ ಥರ ಕಾಣುತ್ತವೆ. ಈಗ ಬಣ್ಣಕ್ಕೆ ಬದಲಾಯಿಸಿದ್ದೇನೆ. ಹೂವಿನ ಸಾಲಿಗೆ ಬಿಳಿ, ಕುಂಕುಮದ ಸಾಲಿಗೆ ಕೆಂಪು, ಬಾಳೆಗೆ ಹಳದಿ, ಎಲೆಗೆ ಹಸಿರು. 2016ರಲ್ಲಿ ಈ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ಉಳಿಸಬೇಕೋ ಅನ್ನುವ ವಾದ ಬಹಳ ನಡೆದಿದೆ. ನನಗಂತೂ ಉಳಿಸಬೇಕು ಅಂತಲೇ ಇದೆ. ಹೇಗಿದ್ದರೂ ಈಗ ಯಾವ ಸಾಲು ಎಲ್ಲಿದೆ ಅಂತ ಒಂದು ಹಾಳೆಯ ಮೇಲೆ ಇರಲಿ.

ಮಾರುಕಟ್ಟೆಯಿಂದ ಸಯ್ಯಾಜಿರಾವ್ ರಸ್ತೆಗೆ ಬಂದರೆ ಗುರು ಸ್ವೀಟ್ ಮಾರ್ಟ್. ಮೈಸೂರು ಪಾಕು ಮೊದಲು ಮಾಡಿದರು ಅಂತ ಹೇಳುವ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಮನೆತನದ ಅಂಗಡಿ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಅಷ್ಟೇ. ಧಾರವಾಡದವನಿಗೆ ಮೈಸೂರು ಪಾಕು ಕೊಡುವುದು ಧೈರ್ಯದ ಕೆಲಸ. ತಿಂದು, ಬೆರಳು ನೋಡಿಕೊಂಡು, "ತುಪ್ಪ ಚಲೋ ಐತಿ. ಆದ್ರ ಪೇಢಾದಾಗ ಹಾಲು ಹುರದ ವಾಸನಿ ಇರತೈತಿ, ಅದು ಇದಕ್ಕ ಇಲ್ಲ" ಅಂದ. ಹುರಿದ ಹಾಲಿನ ವಾಸನೆ ಕಡಲೆಹಿಟ್ಟಿನಲ್ಲಿ ಎಲ್ಲಿಂದ ಬರಬೇಕು ಗುರು, ಅಂತ ಕೇಳಿದೆ. ವಾದ ಕೆ.ಆರ್. ಸರ್ಕಲ್‌ವರೆಗೂ ನಡೆಯಿತು. ನನಗೆ ಇಷ್ಟವಾಗುವುದು ಗೂಡು ಗೂಡಾಗಿರುವ, ಸ್ವಲ್ಪ ಗಟ್ಟಿ ಪಾಕು. ಕಾದ ತುಪ್ಪ ಹೊಯ್ದಾಗ ಹಿಟ್ಟು ನೊರೆಯಂತೆ ಉಕ್ಕಿ ಆ ತೂತುಗಳಾಗುತ್ತವೆ. ಈಗ ಎಲ್ಲ ಕಡೆ ಮೆತ್ತಗಿನದೇ ಜಾಸ್ತಿ. ನಕ್ಷೆಯಲ್ಲಿ ಎರಡನ್ನೂ ಬರೆದಿದ್ದೇನೆ, ಗಟ್ಟಿಯದಕ್ಕೆ ಮಾತ್ರ ಸಣ್ಣ ಕಿರೀಟ ಇದೆ. ನಕ್ಷೆ ನನ್ನದು ಅಲ್ವಾ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಪಾದ. ಚಾಮುಂಡಿ ಬೆಟ್ಟಕ್ಕೆ ಸಾವಿರದಷ್ಟು ಮೆಟ್ಟಿಲು. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ, ಅವರ ಹಿಂದೆ ನಡೆದರೆ ತಾನಾಗಿ ನಿಧಾನವಾಗುತ್ತದೆ. ದೊಡ್ಡ ದೇವರಾಜ ಒಡೆಯರು 1659ರಲ್ಲಿ ಕೆತ್ತಿಸಿದ ನಂದಿಯ ಹತ್ತಿರ ಕೂತೆವು. ಪೂರ್ತಿ ಹತ್ತಲೇಬೇಕು ಅಂತ ನಕ್ಷೆ ಹೇಳುವುದಿಲ್ಲ. ಮಂಡಿ ನೋವಿರುವವರಿಗೆ ಸಿಟಿ ಬಸ್ ನಿಲ್ದಾಣದಿಂದ 201 ನಂಬರಿನ ಬಸ್ಸಿದೆ.

ಇಳಿದು ಬಂದು ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಬೆಟ್ಟ ಮೊದಲು, ದೋಸೆ ಆಮೇಲೆ, ಈ ಕ್ರಮವನ್ನು ಯಾರು ಏನೇ ಹೇಳಿದರೂ ಬದಲಾಯಿಸುವುದಿಲ್ಲ. ಮೆತ್ತಗಿನ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ. "ದೋಸಿ ಅಂದ್ರ ಇಷ್ಟ ಮೆತ್ತಗ?" ಅಂತ ಶುರು ಮಾಡಿದವನು ಮತ್ತೆ ಹೇಳಿ ತರಿಸಿಕೊಂಡ. ಜಾಗಕ್ಕೆ ನಿಂತು ಕಾಯಬೇಕಾಯಿತು, ಕಾಯುವ ಹೊತ್ತನ್ನೂ ನಕ್ಷೆಯ ಲೆಕ್ಕಕ್ಕೆ ಸೇರಿಸಿದ್ದೇನೆ. ಅಲ್ಲಿಂದ ಹೊರಡುವಾಗ ಒಬ್ಬ ಆಟೋದವನು ಮೀಟರ್ ಹಾಕಲು ಒಪ್ಪಲಿಲ್ಲ. ನಡೆದೆವು.

ತಿಂದ ಮೇಲೆ ನಿದ್ದೆ. ಹೌದು, ನಕ್ಷೆಯಲ್ಲಿ ಮಧ್ಯಾಹ್ನಕ್ಕೆ ಒಂದು ಚಾಪೆ ಬರೆದಿದೆ. ಅದಕ್ಕಾಗಿ ಮೃಗಾಲಯವನ್ನೂ ರೈಲು ಮ್ಯೂಸಿಯಮ್ಮನ್ನೂ ಕೈಬಿಟ್ಟೆ. ಮೃಗಾಲಯಕ್ಕೆ ಅರ್ಧ ದಿನವಾದರೂ ಬೇಕು, ಓಡುತ್ತ ನೋಡಿದರೆ ಕಾಲು ನೋವು ಬಿಟ್ಟರೆ ಏನೂ ಉಳಿಯುವುದಿಲ್ಲ.

ಸಂಜೆ ಬಿಸಿಲು ಇಳಿಯುವಾಗ ಫಿಲೋಮಿನಾ ಚರ್ಚು, ಆಮೇಲೆ ಅಶೋಕ ರಸ್ತೆಯಲ್ಲಿ ಅರಮನೆ ಕಡೆಗೆ. ಏಳಕ್ಕೆ ದೀಪ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಜನರೆಲ್ಲ ಒಂದೇ ಸಲ 'ಹೋ' ಅಂದರು, ಗೆಳೆಯನೂ ಅಂದ. ಏಳಕ್ಕೆ ಹೀಗೆ ದೀಪ ಹತ್ತುವುದು ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ. ಈ ಇಡೀ ನಕ್ಷೆ ಭಾನುವಾರ ರಾತ್ರಿಗೆ ಮುಗಿಯುವುದು ಅದೇ ಕಾರಣಕ್ಕೆ.

ಉಳಿದ ಕೆಲಸ: ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಗೆಳೆಯ ಮಾಂಸ ತಿನ್ನುವುದಿಲ್ಲ, ಅದಕ್ಕೆ ಬೇರೆ ಪರೀಕ್ಷಕ ಬೇಕು. ಮಾರುಕಟ್ಟೆಯ ಬಣ್ಣ ಜೆರಾಕ್ಸಿನಲ್ಲಿ ಬೂದು ಬಣ್ಣವಾಗುತ್ತದೆ, ಹಾಗಾಗಿ ಬಣ್ಣದ ಜೊತೆ ಚುಕ್ಕಿ, ಅಡ್ಡ ಗೆರೆ, ಉದ್ದ ಗೆರೆ ಸೇರಿಸಬೇಕು. ಅಶೋಕ ರಸ್ತೆ ಇರುವುದಕ್ಕಿಂತ ಗಿಡ್ಡವಾಗಿದೆ ಅಂತ ಗೆಳೆಯನ ದೂರು. ಹಾಳೆಯ ಮೇಲೆ ಜಾಗ ಇಲ್ಲ, ಆ ರಸ್ತೆಗೆ ಒಂದು ಮುರಿದ ಗೆರೆ ಹಾಕಿ 'ಇಲ್ಲಿ ಸ್ವಲ್ಪ ನಡೆಯಿರಿ' ಅಂತ ಬರೆಯುತ್ತೇನೆ. ಅದಾದ ಮೇಲೆ ಶಾಯಿ.