ಸ್ವರ್ಗದಲ್ಲಿ ಬೊಂಬೆಯಾಟ ಉಂಟಾ?

ಮದುವೆ ಊಟದ ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುವಾಗ, ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ನಿಂತಾಗ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಾಯಿ ಕಳೆದು ಮಲಗಿದ್ದಾಗಲೂ ಈ ಪ್ರಶ್ನೆ ನನಗೆ ಬಂದದ್ದುಂಟು. "ಎಂತ ಮಾರಾಯ್ರೆ, ಬೊಂಬೆಯಾಟದವರು ಯಾರು ತೀರಿಕೊಂಡರೂ ನಿಮ್ಮ ಬರಹದಲ್ಲಿ ಅವರನ್ನು ಸ್ವರ್ಗಕ್ಕೆ ಕಳಿಸಿ ಅಲ್ಲೊಂದು ಆಟ ಆಡಿಸ್ತೀರಲ್ಲ, ಅದನ್ನೆಲ್ಲ ನಂಬ್ತೀರಾ?"

ಹಲ್ಲಿನ ಡಾಕ್ಟರಿಗೆ ಅವತ್ತು ಉತ್ತರ ಕೊಡಲು ಆಗಲಿಲ್ಲ. ಈಗ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ಇಲ್ಲ, ನಂಬುವುದಿಲ್ಲ. ತಿಥಿಯ ದಿನ ಕಾಗೆ ಬರಲು ತಡವಾದರೆ ಸ್ವಲ್ಪ ಕಸಿವಿಸಿಯಾಗುತ್ತದೆ, ಅಷ್ಟೇ ನನ್ನ ನಂಬಿಕೆ. ಆದರೂ ಬರೆಯುತ್ತೇನೆ. ಬೇರೆ ಯಾರ ಬಗ್ಗೆಯೂ ಹಾಗೆ ಬರೆಯುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ತಾಳಮದ್ದಳೆಯ, ಎಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡಾಗ ನಮ್ಮೂರಿನ ಅರ್ಧದಷ್ಟು ಜನ ದೇವೇಂದ್ರನ ಸಭೆಯಲ್ಲಿ ತಾಳಮದ್ದಳೆ ಏರ್ಪಡಿಸಿದರು. ನನಗೆ ಮನಸ್ಸು ಬರಲಿಲ್ಲ. ಎದುರು ಕೂತು ಕೇಳಿದ ಸ್ವರ, ಎದುರು ಕಂಡ ಮುಖ. ಅದು ಇನ್ನಿಲ್ಲ ಎಂದರೆ ಇಲ್ಲ.

ಬೊಂಬೆ ಆಡಿಸುವವರ ಸಂಗತಿ ಬೇರೆ. ಇದ್ದಾಗಲೂ ಅವರು ನಮ್ಮ ಕಣ್ಣಿಗೆ ಬಿದ್ದವರಲ್ಲ. ಆಟ ನಡೆಯುವಷ್ಟು ಹೊತ್ತು "ಅವರೆಲ್ಲಿ?" ಎಂದು ಯಾರಾದರೂ ಕೇಳಿದರೆ "ಪರದೆಯ ಹಿಂದೆ, ಮೇಲೆ ಎಲ್ಲೋ" ಎನ್ನುತ್ತಿದ್ದೆವು. ಸತ್ತ ಮೇಲೆ ಕೇಳಿದರೂ ನನ್ನ ಬಾಯಿಗೆ ಬರುವುದು ಅದೇ ಮಾತು.

ನನ್ನ ಸೋದರಮಾವ ಬೊಂಬೆ ಆಡಿಸುತ್ತಿದ್ದರು. ನಮ್ಮ ಕಡೆಯದು ಯಕ್ಷಗಾನ ಬೊಂಬೆಯಾಟ, ಸೂತ್ರದ ಬೊಂಬೆ. ಹೆಚ್ಚುಕಡಿಮೆ ಒಂದೂವರೆ ಅಡಿ ಎತ್ತರ, ಹಗುರ ಮರದಲ್ಲಿ ಕೆತ್ತಿದ್ದು. ಭುಜ, ಮೊಣಕೈ, ಸೊಂಟ, ಮೊಣಕಾಲಿಗೆಲ್ಲ ಕೀಲು. ಕಾಲಿಗೆ ಪುಟ್ಟ ಗೆಜ್ಜೆ. ಐದಾರು ಕಪ್ಪು ನೂಲು ಮೇಲೊಂದು ಮರದ ಹಿಡಿಗೆ ಹೋಗುತ್ತವೆ. ಕಿರೀಟ, ಬಣ್ಣ, ಕುಣಿತ ಎಲ್ಲ ತೆಂಕುತಿಟ್ಟಿನದೇ, ಎಂದರೆ ದಕ್ಷಿಣದ ಕಡೆಯ ಯಕ್ಷಗಾನ ಶೈಲಿಯದು. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಬೇರೆ ಇರಲು ಹೇಗೆ ಸಾಧ್ಯ? ತೆಂಕಿನಲ್ಲಿ ಧೀಂಗಿಣ, ಎಂದರೆ ಗಿರಕಿ ಹೊಡೆಯುವ ಕುಣಿತ, ಇಲ್ಲದಿದ್ದರೆ ಜನ ಆಟವೆಂದು ಒಪ್ಪುವುದಿಲ್ಲ, ಹಾಗಾಗಿ ಬೊಂಬೆಯೂ ಗರಗರ ತಿರುಗಬೇಕು. ಮಾವನ ಬೊಂಬೆ ಬಲಕ್ಕೆ ಮೂರು ಸುತ್ತು ತಿರುಗಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ ಎಡಕ್ಕೂ ಮೂರು ಸುತ್ತು ತಿರುಗುತ್ತಿತ್ತು. ಆ ಎಡಸುತ್ತಿಗೆ ಸಭೆಯವರ ಚಪ್ಪಾಳೆ ಬೀಳದ ದಿನವಿಲ್ಲ. ಮನೆಯಲ್ಲಿ ಆ ಮಾತು ಬಂದರೆ ಮಾವ ನಗುತ್ತಿದ್ದರು. "ಚಂದಕ್ಕೆ ತಿರುಗಿಸಿದ್ದಲ್ಲ ಮಾರಾಯ. ಬಲಕ್ಕೆ ತಿರುಗಿದಾಗ ನೂಲು ಹುರಿಗೊಳ್ತದೆ. ಅದನ್ನು ಬಿಡಿಸದಿದ್ದರೆ ಮುಂದಿನ ಪದಕ್ಕೆ ಕೈಯೇ ಏಳುವುದಿಲ್ಲ."

ಚಪ್ಪಾಳೆ ಹೊಡೆದವರಲ್ಲಿ ಎಷ್ಟೋ ಮಂದಿಗೆ ಮಾವನ ಗುರುತೇ ಇರಲಿಲ್ಲ. ಆಟ ಮುಗಿದು ಅವರು ಚಹಾ ಕುಡಿಯಲು ಹೊರಗೆ ಬಂದರೆ "ಲೈಟಿನವರಾ?" ಎಂದು ಕೇಳಿದ್ದೂ ಉಂಟು.

ಅವರು ಹೋದಾಗ ಒಂದು ಶ್ರದ್ಧಾಂಜಲಿಯಲ್ಲಿ "ಸೂತ್ರ ಹರಿದ ಬೊಂಬೆ" ಎಂದು ಅಚ್ಚಾಗಿತ್ತು. ಇನ್ನೊಬ್ಬರು ಸಭೆಯಲ್ಲಿ "ನಾವೆಲ್ಲ ಮೇಲಿನವನ ಕೈಯ ಗೊಂಬೆಗಳು" ಎಂದರು. ನನಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷ ಹಿಡಿ ಹಿಡಿದ ಮನುಷ್ಯನನ್ನು ಸತ್ತ ದಿನವೇ ನೂಲಿನ ಕೆಳಗಿನ ತುದಿಗೆ ಕಟ್ಟಿದರೆ ಹೇಗೆ? ನಾನು ಸ್ವರ್ಗದ ಆಟ ಬರೆಯಲು ಶುರು ಮಾಡಿದ್ದು ಆ ಸಿಟ್ಟಿಗೇ. ಮೇಲೆಯೇ ಹೋದದ್ದಾದರೆ ಹಿಡಿಯನ್ನೂ ಹಿಡಿದುಕೊಂಡೇ ಹೋಗಲಿ ಎಂದು.

ಹೀಗೆ ಯೋಚಿಸುವವನು ನಾನೊಬ್ಬನೇ ಅಲ್ಲ ಎಂದು ಆಮೇಲೆ ತಿಳಿಯಿತು. ಕರ್ಮಿಟ್ ಎಂಬ ಹಸಿರು ಕಪ್ಪೆಯನ್ನು ಮೊಬೈಲಿನಲ್ಲಾದರೂ ನೀವು ನೋಡಿರುತ್ತೀರಿ. ಅಮೆರಿಕದ ಬೊಂಬೆಯಾಟಗಾರ ಜಿಮ್ ಹೆನ್ಸನ್ 1955ರಲ್ಲಿ ತಾಯಿಯ ಹಳೆಯ ಕೋಟಿನ ಬಟ್ಟೆ ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಟ್ಟು ಹುಟ್ಟಿಸಿದ ಕಪ್ಪೆ ಅದು. ಹೆನ್ಸನ್ 1990ರ ಮೇ 16ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು, ವಯಸ್ಸು ಬರೀ 53. ನನ್ನ ಶೋಕಸಭೆಗೆ ಯಾರೂ ಕಪ್ಪು ಬಟ್ಟೆಯಲ್ಲಿ ಬರಬಾರದು ಎಂದು ಮೊದಲೇ ಬರೆದಿಟ್ಟಿದ್ದರು. ಐದು ದಿನ ಬಿಟ್ಟು ಅಲ್ಲಿನ ದೊಡ್ಡ ಇಗರ್ಜಿಯಲ್ಲಿ ಸಭೆ. ಬಂದವರ ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಬಣ್ಣದ ಚಿಟ್ಟೆಗಳು. ನಡುವೆ ಎಂಟಡಿ ಎತ್ತರದ ಹಳದಿ ಹಕ್ಕಿ, ಬಿಗ್ ಬರ್ಡ್, ನಡೆದು ಬಂದು ಕಪ್ಪೆಯ ಹಾಡೊಂದನ್ನು ಹಾಡಿತು. ಒಳಗಿದ್ದವರು ಕ್ಯಾರಲ್ ಸ್ಪಿನ್ನಿ. ಆ ಹಕ್ಕಿಯ ತಲೆಯೆಂದರೆ ಮೇಲಕ್ಕೆ ಚಾಚಿದ ಅವರ ಬಲಗೈ. ಹಾಡು ಮುಗಿದ ಮೇಲೆ ಹಕ್ಕಿ ಮುಖವೆತ್ತಿ ಹೇಳಿದ್ದು ಇಷ್ಟೇ: "ಥ್ಯಾಂಕ್ಯೂ, ಕರ್ಮಿಟ್."

ಹೆನ್ಸನ್ ಎನ್ನಲಿಲ್ಲ ನೋಡಿ. ಹಕ್ಕಿಗೆ ಪರಿಚಯ ಇದ್ದದ್ದು ಕಪ್ಪೆಯದ್ದು. ಆ ವಿಡಿಯೋ ನೋಡಿ ಮುಗಿಸಿದಾಗ ನಮ್ಮ ಜಗಲಿಯಲ್ಲಿ ಮಧ್ಯಾಹ್ನದ ಬಿಸಿಲು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ. ಕಾಸರಗೋಡಿನ ಒಬ್ಬ ಅಡಿಕೆ ಬೆಳೆಗಾರ ಅಮೆರಿಕದ ಕಪ್ಪೆಗಾಗಿ ಕಣ್ಣೊರೆಸಿಕೊಂಡದ್ದನ್ನು ಹೆಂಡತಿ ನೋಡಿದಳು. ಏನೂ ಕೇಳಲಿಲ್ಲ, ಪುಣ್ಯ. ಆ ಸ್ಪಿನ್ನಿಯೂ 2019ರ ಡಿಸೆಂಬರಿನಲ್ಲಿ ಹೋದರು. ಕಪ್ಪೆ, ಹಕ್ಕಿ ಎರಡೂ ಈಗ ಬೇರೆ ಕೈಗಳಲ್ಲಿ ಆಡುತ್ತಿವೆ.

ದೇವತೆಗಳು ಬೊಂಬೆಯಾಟ ನೋಡುತ್ತಾರೆಯೇ ಎಂಬ ಅನುಮಾನ ಇದ್ದವರು ಪಾಲಕ್ಕಾಡಿನ ಕಡೆ ಹೋಗಿ ವಿಚಾರಿಸಬೇಕು. ಅಲ್ಲಿನ ಭಗವತಿ ಗುಡಿಗಳಲ್ಲಿ ತೋಲ್‌ಪಾವಕೂತ್ತ್, ಎಂದರೆ ತೊಗಲುಬೊಂಬೆ ಆಟ, ನಡೆಯುವುದೇ ದೇವಿಗಾಗಿ. ರಾಮ-ರಾವಣರ ಯುದ್ಧದ ಹೊತ್ತಿಗೆ ಭದ್ರಕಾಳಿ ದಾರಿಕನೊಡನೆ ಹೋರಾಡುತ್ತಿದ್ದಳಂತೆ. ಹಾಗಾಗಿ ನೋಡಲು ತಪ್ಪಿಹೋದ ಯುದ್ಧವನ್ನು ಪರದೆಯ ಮೇಲೆ ಅವಳಿಗೆ ತೋರಿಸುವುದು. ಪರದೆಯ ಹಿಂದೆ 21 ದೀಪ. ಎದುರಿಗೆ ಮನುಷ್ಯರು ಒಬ್ಬರೂ ಇಲ್ಲದ ರಾತ್ರಿಗಳಲ್ಲೂ ಪುಲವರ್‌ಗಳು, ಎಂದರೆ ಆ ಬೊಂಬೆ ಆಡಿಸುವವರು, ಒಂದು ಪದ್ಯ ಬಿಡದೆ ಬೆಳಗಿನವರೆಗೆ ಆಡಿಸುತ್ತಾರೆ. ಕೂನತ್ತರದ ಕೃಷ್ಣನ್‌ಕುಟ್ಟಿ ಪುಲವರ್ ಆಯುಷ್ಯವಿಡೀ ಮಾಡಿದ್ದು ಇದನ್ನೇ. ಅವರಿಗೆ ಸ್ವರ್ಗದ ಸಭೆ ಹೊಸದಾಗಿ ಕಾಣಲಿಕ್ಕಿಲ್ಲ.

ಹೀಗೆ ಒಬ್ಬೊಬ್ಬರನ್ನೇ ಕಳಿಸುತ್ತ ನನ್ನ ಸ್ವರ್ಗದ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಈಗ ಒಳ್ಳೆಯ ಗಲಾಟೆ. ಉಪ್ಪಿನಕುದ್ರಿನ ಕೊಗ್ಗ ಕಾಮತರು ಪರದೆಯ ಹಿಂದೆ ನಿಂತು ನೂಲನ್ನು ಕೆಳಗೆ ಬಿಡುವವರು. ಹೆನ್ಸನ್ ಕೆಳಗೆ ನಿಂತು ಕೈಯನ್ನು ಮೇಲಕ್ಕೆ ಎತ್ತುವವರು. ಪುಲವರ್‌ಗೂ ಬಳ್ಳಾರಿಯ ತೊಗಲುಬೊಂಬೆಯ ಬೆಳಗಲ್ಲು ವೀರಣ್ಣನವರಿಗೂ ಹಿಂದಿನಿಂದ ದೀಪ ಬೇಕು. ಬಡಗಿನ, ಎಂದರೆ ಉತ್ತರದ ಶೈಲಿಯ, ಕಾಮತರಿಗೂ ತೆಂಕಿನ ಮಾವನಿಗೂ ಚೆಂಡೆ ಯಾವುದು ಎಂಬುದರ ಮೇಲೆ ತಕರಾರು. ಇರುವುದು ಒಂದೇ ರಂಗ. ಕೊನೆಗೆ ಕಾಮತರು ಮೇಲೆ, ಹೆನ್ಸನ್ ಕೆಳಗೆ, ನಡುವೆ ಕಪ್ಪೆಯೂ ನರಕಾಸುರನೂ ಎದುರುಬದುರು. ಮುಂದಿನ ಸಾಲಿನಲ್ಲಿ ದೇವೇಂದ್ರ. ಯಕ್ಷಗಾನದಲ್ಲಿ ಅವನ ಅವಸ್ಥೆ ನಿಮಗೆ ಗೊತ್ತೇ ಉಂಟು: ಒಡ್ಡೋಲಗ ಮುಗಿಯುವಷ್ಟರಲ್ಲಿ ಯಾರಾದರೊಬ್ಬ ರಾಕ್ಷಸ ಬಂದು ಸಿಂಹಾಸನದಿಂದ ಇಳಿಸಿ ಓಡಿಸುತ್ತಾನೆ. ಒಂದೂವರೆ ಅಡಿಯ ನರಕಾಸುರ ತನ್ನನ್ನು ಅಟ್ಟಿಸಿಕೊಂಡು ಹೋಗುವುದನ್ನು ಅವನೇ ಕೂತು ನೋಡಬೇಕು. ನಗುವುದೋ ಬಿಡುವುದೋ ತಿಳಿಯದೆ ಪಕ್ಕದ ಬೃಹಸ್ಪತಿಯ ಮುಖ ನೋಡುತ್ತಾನೆ. ಇದನ್ನು ಬರೆಯುವಾಗ ನನಗೆ ಸಿಗುವ ಖುಷಿಯನ್ನು ಯಾವ ಶ್ರದ್ಧಾಂಜಲಿ ಸಭೆ ಕೊಟ್ಟೀತು?

ಆದರೆ ಒಬ್ಬರಿಗೆ ಮಾತ್ರ ಇದು ಹಿಡಿಸಲಿಲ್ಲ. ಅತ್ತೆಗೆ.

ಮಾವನ ತಿಥಿಗೆ ಹೋಗಿದ್ದೆ. ಊಟವಾದ ಮೇಲೆ ಅತ್ತೆ ಎಲೆಡಿಕೆಯ ಹರಿವಾಣ ನನ್ನ ಕಡೆ ದೂಡಿ, "ನೀನು ಬರೆದದ್ದನ್ನು ಮಗಳು ಓದಿ ಹೇಳಿದಳು" ಎಂದರು. ಚಂದ ಉಂಟು ಅನ್ನಬಹುದು ಎಂದು ಕಾದೆ.

"ಅಲ್ಲಿಗೆ ಹೋಗಿಯೂ ಆಟವೇಯಾ?"

ನಾನು ಸುಮ್ಮನಾದೆ.

"ಇಲ್ಲಿದ್ದಾಗ ತಿರುಗಾಟ ಎಂದು ಮನೆಯಲ್ಲಿ ನಿಂತದ್ದೇ ಕಡಿಮೆ. ಕೊನೆಕೊನೆಗೆ ಬಲದ ಕೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಅಂಗಿ ತೊಡಿಸುತ್ತಿದ್ದದ್ದು ನಾನು. ರಾತ್ರಿ ಎಣ್ಣೆ ತಿಕ್ಕಿದ್ದೂ ನಾನೇ. ನೀನು ಅಲ್ಲಿಯೂ ಅವರನ್ನು ನಿಲ್ಲಿಸಿದ್ದೀಯಲ್ಲ, ಕೈ ನೋಯುವುದಿಲ್ಲವಾ?"

ಸ್ವರ್ಗದಲ್ಲಿ ನೋವಿಲ್ಲ ಅತ್ತೆ ಎನ್ನುವ ಮಾತು ನಾಲಗೆಯವರೆಗೆ ಬಂತು. ನಂಬದವನು ಹೇಗೆ ಹೇಳುವುದು?

"ಹಾಗಾದರೆ ಎಂತ ಬರೆಯಲಿ?" ಎಂದೆ.

ಅವರು ಒಳಗಿನ ಗೋಡೆ ನೋಡಿದರು. ಮೊಳೆಗೆ ಮಾವನ ಬೊಂಬೆ ತೂಗುತ್ತಿತ್ತು, ನೂಲನ್ನೆಲ್ಲ ಹಿಡಿಗೆ ಸುತ್ತಿ, ಧೂಳು ಕೂರದ ಹಾಗೆ ಪ್ಲಾಸ್ಟಿಕ್ ತೊಟ್ಟೆ ಮುಚ್ಚಿ. "ಅಷ್ಟು ವರ್ಷ ಆಡಿಸಿದರು, ಎದುರಿನಿಂದ ಹೇಗೆ ಕಾಣುತ್ತದೆ ಎಂದು ಅವರು ಒಂದು ದಿನ ನೋಡಲಿಲ್ಲ. ಮನೆಗೆ ಬಂದು ನನ್ನ ಹತ್ತಿರ ಕೇಳುತ್ತಿದ್ದರು, ಹೇಗಿತ್ತು ಹೇಗಿತ್ತು ಎಂದು. ಒಂದು ಕುರ್ಚಿ ಹಾಕು. ಕೂತು ನೋಡಲಿ."

ಹಾಕಿದ್ದೇನೆ. ಮೊದಲ ಸಾಲಿನಲ್ಲಿ, ದೇವೇಂದ್ರನ ಪಕ್ಕವೇ, ಕೈ ಊರಿಕೊಳ್ಳಲು ಆಸರೆ ಇರುವ ಮರದ ಕುರ್ಚಿ. ಬೊಂಬೆ ಬಲಕ್ಕೆ ಮೂರು ಸುತ್ತು ತಿರುಗುವವರೆಗೆ ಮಾವ ಅದರಲ್ಲಿ ಕೂತಿರುತ್ತಾರೆ. ಎಡಕ್ಕೆ ತಿರುಗಿಸಲು ಯಾರಾದರೂ ಮರೆತರೆ ಎದ್ದು ಒಳಗೆ ಹೋಗುತ್ತಾರೆ. ಅತ್ತೆಗೆ ಅಷ್ಟನ್ನು ಹೇಳಿಲ್ಲ.