ರೌಂಡ್ ಹಾಕದ ಎರಡು ಅಂಕ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಲಕ್ಷ್ಮಿ ಮುಖವಾಡ ತೆಗೆಯೋಣವೆಂದು ಅಟ್ಟದ ಟ್ರಂಕಿಗೆ ಕೈಹಾಕಿದರೆ ಸಿಕ್ಕಿದ್ದು ಹಳೇ ಸ್ಕೋರ್‌ಶೀಟಿನ ಪುಸ್ತಕ. ಅರ್ಧ ಬರೆದಿದ್ದು, ಅರ್ಧ ಖಾಲಿ. ಬ್ಯಾಂಕಿನ ಕೆಲಸ ಸಿಗುವ ಮೊದಲು ಆರೇಳು ವರ್ಷ ನಾನು ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ಸ್ಕೋರರ್ ಆಗಿ ಕೂತವಳು. ದಿನಕ್ಕೆ ಇಷ್ಟೆಂದು ಕೊಡುತ್ತಿದ್ದ ಭತ್ಯೆ ಬಸ್ ಚಾರ್ಜಿಗೂ ಮಸಾಲೆ ದೋಸೆಗೂ ಸರಿಹೋಗುತ್ತಿತ್ತು.

ಅವತ್ತು 2024ರ ಆಗಸ್ಟ್ 10, ಶನಿವಾರ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂದಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫೈನಲ್, ಅಮೆರಿಕ ಮತ್ತು ಫ್ರಾನ್ಸ್. ಭಾನುವಾರ ಸಂಜೆ ಏಳಕ್ಕೆ ಮಹಿಳೆಯರ ಫೈನಲ್, ಅದೂ ಇವೆರಡೇ ದೇಶ. ಖಾಲಿ ಹಾಳೆಗಳು ಕೈಯಲ್ಲಿದ್ದಾಗ ಸುಮ್ಮನೆ ನೋಡಲು ಮನಸ್ಸಾಗಲಿಲ್ಲ. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ, ಕೆಂಪು ಪೆನ್ನು ನೀಲಿ ಪೆನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ.

ಎರಡು ಬಣ್ಣ ಯಾಕೆಂದರೆ, ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದನೇ ಮತ್ತು ಮೂರನೇ ಕ್ವಾರ್ಟರ್ ಕೆಂಪಿನಲ್ಲಿ, ಎರಡನೇ ಮತ್ತು ನಾಲ್ಕನೆಯದು ನೀಲಿ ಇಲ್ಲವೇ ಕಪ್ಪಿನಲ್ಲಿ ಬರೆಯಬೇಕು. ಹಾಳೆಯ ಬಲಗಡೆ 1ರಿಂದ 160ರವರೆಗೆ ಅಂಕಿಗಳು ಅಚ್ಚಾಗಿರುತ್ತವೆ. ಬುಟ್ಟಿ ಬಿತ್ತೋ, ತಂಡದ ಹೊಸ ಮೊತ್ತದ ಮೇಲೆ ಒಂದು ಓರೆ ಗೆರೆ, ಪಕ್ಕದಲ್ಲಿ ಹಾಕಿದವರ ಅಂಗಿ ನಂಬರು. ಫೌಲ್ ಆದಾಗ ಸಿಗುವ ಒಂದಂಕದ ಎಸೆತ, ಅಂದರೆ ಫ್ರೀ ಥ್ರೋ ಆದರೆ ಗೆರೆಯ ಬದಲು ತುಂಬಿದ ಚುಕ್ಕಿ. ದೂರದ ಗೆರೆಯಾಚೆಯಿಂದ ಎಸೆದು ಮೂರು ಅಂಕ ತರುವ ತ್ರೀ ಪಾಯಿಂಟರ್ ಆದರೆ ಆ ಅಂಗಿ ನಂಬರಿಗೆ ಸುತ್ತ ಒಂದು ರೌಂಡ್. ಲೆಕ್ಕ ಇಷ್ಟೇ. ತಪ್ಪಿದ ಎಸೆತದ ಚೆಂಡು ಹಿಡಿಯುವ ರಿಬೌಂಡ್, ಬುಟ್ಟಿಗೆ ದಾರಿ ಮಾಡಿಕೊಡುವ ಪಾಸ್ ಅಂದರೆ ಅಸಿಸ್ಟ್, ಎಸೆತ ತಡೆಯುವ ಬ್ಲಾಕ್, ಯಾವುದಕ್ಕೂ ಇದರಲ್ಲಿ ಜಾಗವಿಲ್ಲ. ಅವನ್ನು ಬರೆದುಕೊಳ್ಳುವವರು ಬೇರೆ, ಕಂಪ್ಯೂಟರ್ ಮುಂದೆ ಕೂತವರು.

ಮೊದಲ ಹತ್ತು ನಿಮಿಷ ಕೈ ಓಡಲೇ ಇಲ್ಲ. ಒಂದು ಬುಟ್ಟಿ ಬರೆದು ತಲೆ ಎತ್ತುವಷ್ಟರಲ್ಲಿ ಆ ಕಡೆ ಇನ್ನೊಂದು ಬಿದ್ದಿರುತ್ತಿತ್ತು. ಫ್ರಾನ್ಸಿನ ಕಾಲಮ್ಮಿನಲ್ಲಿ 32 ಅನ್ನುವುದನ್ನು ಬರೆದೂ ಬರೆದೂ ಸಾಕಾಯಿತು. ಅದು ವಿಕ್ಟರ್ ವೆಂಬನ್ಯಾಮಾ, ಇಪ್ಪತ್ತರ ಹುಡುಗ. ಕೊನೆಗೆ ಅವನ ಲೆಕ್ಕ 26 ಅಂಕ. ಆ ಪಂದ್ಯದಲ್ಲಿ ಅವನಿಗಿಂತ ಹೆಚ್ಚು ಯಾರೂ ಗಳಿಸಲಿಲ್ಲ, ಆದರೂ ಸೋತ ಕಡೆಯವನು.

ಕೊನೆಗೆ ಮೂರು ನಿಮಿಷ ಉಳಿದಾಗ ಅಂತರ ಮೂರೇ ಅಂಕಕ್ಕೆ ಇಳಿದಿತ್ತು. ಆಮೇಲೆ ನನ್ನ ನೀಲಿ ಪೆನ್ನು 4 ಬರೆದು ರೌಂಡ್ ಹಾಕಿತು. ಮತ್ತೆ 4, ರೌಂಡ್. ಮತ್ತೆ. ನಾಲ್ಕನೆಯದನ್ನು ಅಮೆರಿಕದ ಆ 4ನೇ ನಂಬರಿನ ಸ್ಟೀಫನ್ ಕರಿ ಮೈಮೇಲೆ ಬಿದ್ದ ಇಬ್ಬರ ಕೈಗಳ ಮೇಲಿಂದ ಎಸೆದ. ಚೆಂಡು ಎಷ್ಟು ಎತ್ತರಕ್ಕೆ ಹೋಯಿತೆಂದರೆ ಅದು ಇಳಿಯುವ ಮೊದಲೇ ನಾನು 4 ಬರೆದು ಮುಗಿಸಿದ್ದೆ. ಸ್ಕೋರರ್ ಮಾಡಬಾರದ ಕೆಲಸ ಅದು. 98–87, ಅಮೆರಿಕಕ್ಕೆ ಚಿನ್ನ.

ಪೆನ್ನು ಮುಚ್ಚಿ ಹಾಳೆ ನೋಡಿದೆ. ಎಂಟು ಕಡೆ 4, ಎಂಟಕ್ಕೂ ರೌಂಡ್. ಬೋಳು 4 ಒಂದೂ ಇಲ್ಲ. 24 ಅಂಕವೂ ತ್ರೀ ಪಾಯಿಂಟರಿನಿಂದಲೇ ಬಂದದ್ದು. ಅದೇ ತಂಡದ ಲೆಬ್ರಾನ್ ಜೇಮ್ಸ್ ಕೊಟ್ಟ ಹತ್ತು ಅಸಿಸ್ಟ್‌ನ ಸುಳಿವೇ ನನ್ನ ಹಾಳೆಯಲ್ಲಿಲ್ಲ. ಅದಕ್ಕೆ ಬೆಳಿಗ್ಗೆ ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಪೂರ್ತಿ ಅಂಕಿಅಂಶದ ಪಟ್ಟಿ ತೆಗೆದು ನೋಡಬೇಕಾಯಿತು.

ಕಾಫಿ ಕುಡಿಯುತ್ತಾ ಕರಿಯ ಇಡೀ ಟೂರ್ನಿಯ ಅಂಕಗಳನ್ನು ಸಾಲಾಗಿ ಬರೆದೆ: 11, 3, 8, 7, 36, 24. ಸರಾಸರಿ ತೆಗೆದರೆ 14.8. ಆರು ಪಂದ್ಯದಲ್ಲಿ ಒಂದರಲ್ಲೂ ಅವನು ಹದಿನೈದರ ಹತ್ತಿರ ಸುಳಿದವನಲ್ಲ. ಒಂದೋ ಬರಗಾಲ, ಇಲ್ಲವೇ ಹೊಳೆ. ಸೆರ್ಬಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ಆ 36 ಬಾರದೇ ಇದ್ದಿದ್ದರೆ ಅಮೆರಿಕ ಫೈನಲ್‌ಗೆ ಬರುತ್ತಲೇ ಇರಲಿಲ್ಲ, ಗೆದ್ದದ್ದು 95–91ರಲ್ಲಿ. ಬ್ಯಾಂಕಿನವಳಾದ ನನಗೆ ಸರಾಸರಿ ಬಾಕಿ ಅನ್ನುವ ಲೆಕ್ಕದ ಮೇಲೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಮಧ್ಯಾಹ್ನ ಮಂಡ್ಯದಿಂದ ಅಕ್ಕ ಬಂದಳು, ಜೊತೆಗೆ ಮಗಳು. ಒಂಬತ್ತನೇ ಕ್ಲಾಸು, ಸ್ಕೂಲ್ ಟೀಮಿನಲ್ಲಿ ಆಡುತ್ತಾಳೆ. ಹಾಳೆ ನೋಡಿದ್ದೇ ತಡ, "ಚಿಕ್ಕಮ್ಮ, ಸಂಜೆ ಮ್ಯಾಚ್ ನಾನ್ ಬರೀತೀನಿ" ಅಂದಳು. ಸರಿ ಅಂದೆ. ನನಗೂ ನಿದ್ದೆಯಿರಲಿಲ್ಲ. ಬರೆಯಲು ಬಿಡುವ ಮುಂಚೆ ನಾನು ಬೈಸಿಕೊಂಡ ಕಥೆ ಹೇಳಿದೆ.

ಒಂದು ಅಂತರ ಕಾಲೇಜು ಟೂರ್ನಿ, ಸಿಮೆಂಟ್ ಕೋರ್ಟು, ಬಣ್ಣ ಮಾಸಿದ ಗೆರೆಗಳು. ನಮ್ಮೂರಿನ ಹುಡುಗಿಯೊಬ್ಬಳು ದೂರದಿಂದ ಎಸೆದದ್ದು ಬುಟ್ಟಿಯೊಳಗೆ ಬಿತ್ತು. ಖುಷಿಯಲ್ಲಿ ಮೂರು ಅಂಕವೆಂದು ಬರೆದು ಅಂಗಿ ನಂಬರಿಗೆ ರೌಂಡ್ ಹಾಕಿಬಿಟ್ಟೆ. ಕ್ವಾರ್ಟರ್ ಮುಗಿದಾಗ ನನ್ನ ಹಾಳೆಯಲ್ಲಿ 41, ಬೋರ್ಡಿನಲ್ಲಿ 40. ಪಕ್ಕದಲ್ಲಿ ಕೂತಿದ್ದ ಹಿರಿಯ ಮೇಷ್ಟ್ರು ಬೋರ್ಡಿನ ಕಡೆ ನೋಡಲೇ ಇಲ್ಲ. "ರೆಫರಿ ಎರಡೂ ಕೈ ಎತ್ತಿ ಮೂರ್ಮೂರು ಬೆರಳು ತೋರಿಸಿದ್ನೇನಮ್ಮ?" ಅಂದರು. ಇಲ್ಲ. "ಮತ್ತೆ? ಚೆಂಡು ನೋಡೋಕೆ ಗ್ಯಾಲರಿ ತುಂಬ ಜನ ಇದಾರೆ. ನೀನು ರೆಫರಿ ಕೈ ನೋಡು." ಎರಡೂ ಟೀಮಿನವರ ಎದುರಿಗೆ ಹೊಡೆದುಹಾಕಿ ತಿದ್ದಿದೆ. ಅಡಿಯ ಕಾರ್ಬನ್ ಪ್ರತಿಗಳಲ್ಲೂ ಆ ಗೀಚು ಬಿದ್ದಿತ್ತು.

ಹುಡುಗಿ ನಕ್ಕಳು, "ನಂಗೆ ಹಂಗಾಗಲ್ಲ ಬಿಡು" ಅಂದಳು.

ಸಂಜೆಯ ಪಂದ್ಯ ಬೇರೆಯದೇ ತರಹ. ಬುಟ್ಟಿ ಬೀಳುವುದೇ ಅಪರೂಪ. ಅರ್ಧ ಪಂದ್ಯ ಮುಗಿದಾಗ 25–25. ಅಕ್ಕ ಹಲಸಿನ ಹಪ್ಪಳ ಕರಿದುಕೊಂಡು ಬಂದು ಕೂತಳು. ನಾನು ಅವಳಿಗೆ 2017ರ ಬೆಂಗಳೂರಿನ ಕಥೆ ಶುರು ಮಾಡಿದೆ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಿಸ್ತಾನವನ್ನು 75–73ರಲ್ಲಿ ಸೋಲಿಸಿದಾಗ ನಾನು ಗ್ಯಾಲರಿಯಲ್ಲಿದ್ದೆ, ಅಕ್ಕಪಕ್ಕ ಯಾರೆಂದು ನೋಡದೆ ತಬ್ಬಿಕೊಂಡಿದ್ದೆ. ಈ ಕಥೆ ಅಕ್ಕ ಎಷ್ಟು ಸಲ ಕೇಳಿದ್ದಾಳೋ, ಹಪ್ಪಳ ಮುರಿಯುವ ಸದ್ದು ಜಾಸ್ತಿಯಾಯಿತು.

ಮೂರನೇ ಕ್ವಾರ್ಟರಿನಲ್ಲಿ ಫ್ರಾನ್ಸ್ ಹತ್ತು ಅಂಕ ಮುಂದೆ ಹೋಯಿತು. ಅಮೆರಿಕದ ಹುಡುಗಿಯರು ಒಲಿಂಪಿಕ್ಸ್‌ನಲ್ಲಿ 1992ರ ನಂತರ ಒಂದು ಪಂದ್ಯವನ್ನೂ ಸೋತವರಲ್ಲ. ಏಜಾ ವಿಲ್ಸನ್ ಒಬ್ಬಳೇ 21 ಅಂಕ, 13 ರಿಬೌಂಡ್, 4 ಬ್ಲಾಕ್ ಮಾಡಿ ತಂಡವನ್ನು ಎಳೆದು ತಂದಳು. ಕೊನೆಗೆ ನಾಲ್ಕು ಸೆಕೆಂಡೂ ಇಲ್ಲ. ಕಲಿಯಾ ಕಾಪರ್ ಎರಡು ಫ್ರೀ ಥ್ರೋ ಹಾಕಿದಳು. ನಮ್ಮ ಹುಡುಗಿ ಎರಡು ದಪ್ಪ ಚುಕ್ಕಿ ಇಟ್ಟಳು. 67–64.

ಫ್ರಾನ್ಸಿನ ಗ್ಯಾಬಿ ವಿಲಿಯಮ್ಸ್ ಚೆಂಡು ಹಿಡಿದು ಓಡಿ ಬಂದಳು, ಎಸೆದಳು. ಹಲಗೆಗೆ ಬಡಿದು ಒಳಗೆ. ಬಜರ್. ಅಕ್ಕ ಹಪ್ಪಳದ ತಟ್ಟೆ ಬೀಳಿಸಿದಳು. "ಎಕ್ಸ್‌ಟ್ರಾ ಟೈಮ್! ಚಿಕ್ಕಮ್ಮ, ಎಕ್ಸ್‌ಟ್ರಾ ಟೈಮ್!" ಎಂದು ಹುಡುಗಿ ಕುಣಿಯತೊಡಗಿದಳು. ಅಷ್ಟರಲ್ಲಿ ಫ್ರಾನ್ಸಿನ ಕಾಲಮ್ಮಿನಲ್ಲಿ 67ರ ಮೇಲೆ ಗೆರೆ ಎಳೆದು, ಅಂಗಿ ನಂಬರಿಗೆ ಗುಂಡಗೆ ರೌಂಡ್ ಹಾಕಿಯಾಗಿತ್ತು.

ರೀಪ್ಲೇಯಲ್ಲಿ ಕಾಲು ತೋರಿಸಿದರು. ತ್ರೀ ಪಾಯಿಂಟ್ ಗೆರೆಯ ಅಗಲ ಐದು ಸೆಂಟಿಮೀಟರ್. ಗೆರೆ ತುಳಿದರೂ ಎರಡೇ ಅಂಕ. ಎಸೆಯುವಾಗ ಆಕೆಯ ಶೂ ಗೆರೆಯ ಮೇಲಿತ್ತು. 67–66. ಪಂದ್ಯ ಮುಗಿದಿತ್ತು.

ನಮ್ಮ ಹುಡುಗಿ ಮಾತಾಡಲಿಲ್ಲ. ಹಾಳೆಯನ್ನು ನನ್ನ ಕಡೆ ತಳ್ಳಿ ಮೂಗು ಒರೆಸಿಕೊಂಡಳು. ನಾನು 67ನ್ನು ಹೊಡೆದು, ಒಂದು ಮನೆ ಮೇಲಕ್ಕೆ 66ರ ಮೇಲೆ ಗೆರೆ ಎಳೆದೆ. ಎರಡೂ ತಂಡದ ಕೊನೆಯ ಅಂಕಕ್ಕೆ ರೌಂಡ್ ಸುತ್ತಿ, ಕೆಳಗೆ ಎರಡೆರಡು ದಪ್ಪ ಗೆರೆ ಎಳೆದೆ. ಅಂಗಿ ನಂಬರಿನ ಸುತ್ತಲಿದ್ದ ರೌಂಡನ್ನು ಹೊಡೆಯಲು ಪೆನ್ನು ಎತ್ತಿದರೆ ಕೈ ಹಿಡಿದಳು.

"ಅದೊಂದು ಇರ್ಲಿ ಬಿಡು ಚಿಕ್ಕಮ್ಮ."

"ರೆಫರಿ ಕೊಟ್ಟಿಲ್ಲ ಕಣೇ" ಅಂದೆ. ಹೊಡೆದೆ. ಅವಳು ಅಂದು ರಾತ್ರಿ ನನ್ನ ಪಕ್ಕ ಮಲಗಲಿಲ್ಲ, ಅಮ್ಮನ ಹತ್ತಿರ ಹೋದಳು.